ಸಾವಿನ ಹೊಸ್ತಿಲಲ್ಲಿ ಕಂಡದ್ದೇನು?

"ಬಾಗಿಲದಾಗ ನಮ್ಮವ್ವ ನಿಂತಾಳ, ಒಳಗ ಕರೀರಿ."

ಹುನಗುಂದದ ಕಡೆಯ ಮನೆಗಳಲ್ಲಿ ಹಾಸಿಗೆ ಹಿಡಿದ ಹಿರಿಯರೊಬ್ಬರು ಹೀಗೆಂದರೆ ಮನೆಮಂದಿಯ ಎದೆ ಝಲ್ಲೆನ್ನುತ್ತದೆ. ಆ ಅವ್ವ ತೀರಿಹೋಗಿ ಎಷ್ಟೋ ವರ್ಷಗಳಾಗಿರುತ್ತವೆ. "ಕರಿಯಾಕ ಬಂದಾರ" ಎಂದು ನೆರೆಯವರು ಪಿಸುಗುಡುತ್ತಾರೆ. ದೂರದ ಊರಿನ ಮಕ್ಕಳಿಗೆ ಸುದ್ದಿ ಮುಟ್ಟುತ್ತದೆ. ವಿದ್ಯಾರ್ಥಿ ಮಿತ್ರರೇ, ಆ ಹಿರಿಯರು ನಿಜಕ್ಕೂ ಕಂಡದ್ದೇನು? ಇದು ವಿಜ್ಞಾನದ ಪ್ರಶ್ನೆ. ಆದರೆ ಇದಕ್ಕೊಂದು ದೀರ್ಘ ಇತಿಹಾಸವೂ ಇದೆ.

ಆ ಇತಿಹಾಸವನ್ನು ಹುನಗುಂದ ತಾಲ್ಲೂಕಿನ ಐಹೊಳೆಯಿಂದಲೇ ಆರಂಭಿಸಬಹುದು. ಕ್ರಿ.ಶ. 634ರ ರವಿಕೀರ್ತಿಯ ಶಾಸನಕ್ಕೆ, ದುರ್ಗದ ಗುಡಿಗೆ ಹೆಸರಾದ ಈ ಊರಿನಲ್ಲಿ ವೀರಗಲ್ಲುಗಳೂ ಇವೆ. ಕರ್ನಾಟಕದ ಉದ್ದಗಲಕ್ಕೂ ಸಿಗುವ ಇಂಥ ಕಲ್ಲುಗಳಲ್ಲಿ ಸಾಮಾನ್ಯವಾಗಿ ಮೂರು ಹಂತಗಳಿರುತ್ತವೆ. ಕೆಳಗೆ ಕಾಳಗ. ನಡುವೆ ಮಡಿದ ವೀರನನ್ನು ಮೇಲಕ್ಕೆ ಕರೆದೊಯ್ಯುವ ಅಪ್ಸರೆಯರು. ಮೇಲೆ ಶಿವಲಿಂಗದ ಸನ್ನಿಧಿಯಲ್ಲಿ ಕುಳಿತ ವೀರ, ಅದರ ಮೇಲೆ ಸೂರ್ಯಚಂದ್ರರು. ಈ ಪರಂಪರೆಯನ್ನು ಕುರಿತು ಎಸ್. ಶೆಟ್ಟರ್ ಮತ್ತು ಗುಂಥರ್ ಸೊಂಥೈಮರ್ ಸಂಪಾದಿಸಿದ ಸ್ಮಾರಕ ಶಿಲೆಗಳ ಸಂಪುಟವು 1982ರಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಿಂದ ಪ್ರಕಟವಾಯಿತು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಅಪ್ಸರೆಯರನ್ನು ಕಂಡೆನೆಂದು ಆ ವೀರನು ಹೇಳಿದ್ದಕ್ಕೆ ಕಲ್ಲು ಸಾಕ್ಷಿಯಲ್ಲ. ಸತ್ತವನು ಏನನ್ನು ಕಾಣಬೇಕೆಂದು ಬದುಕಿ ಉಳಿದವರು ನಂಬಿದ್ದರು ಎಂಬುದಕ್ಕೆ ಮಾತ್ರ ಅದು ಸಾಕ್ಷಿ. ಯಾರು ಕಂಡರು, ಯಾರು ಹೇಳಿದರು, ಯಾವಾಗ ಬರೆದಿಟ್ಟರು ಎಂಬ ಮೂರು ಪ್ರಶ್ನೆಗಳನ್ನು ಇತಿಹಾಸದ ವಿದ್ಯಾರ್ಥಿ ಎಂದೂ ಮರೆಯಬಾರದು.

ಕಂಡವರ ಮಾತನ್ನೇ ಕಲೆಹಾಕುವ ಕೆಲಸ ಆರಂಭವಾದದ್ದು ಬಹಳ ತಡವಾಗಿ. ಸ್ವಿಟ್ಜರ್ಲೆಂಡಿನ ಭೂವಿಜ್ಞಾನಿ ಆಲ್ಬರ್ಟ್ ಹೈಮ್, ಆಲ್ಪ್ಸ್ ಪರ್ವತದಿಂದ ಬಿದ್ದೂ ಬದುಕಿದವರ ಅನುಭವಗಳನ್ನು 1892ರಲ್ಲಿ ಪ್ರಕಟಿಸಿದ. ಸ್ವತಃ ಅವನೂ ಹಾಗೆ ಬಿದ್ದು ಬದುಕಿದವನು. ಭೌತವಿಜ್ಞಾನಿ ವಿಲಿಯಂ ಬ್ಯಾರೆಟ್ ಸಂಗ್ರಹಿಸಿದ ಮರಣಶಯ್ಯೆಯ ದರ್ಶನಗಳು 1926ರಲ್ಲಿ ಅಚ್ಚಾದವು. 1975ರಲ್ಲಿ ಅಮೆರಿಕದ ರೇಮಂಡ್ ಮೂಡಿಯ ಪುಸ್ತಕ ಬಂದ ಮೇಲೆ ಕತ್ತಲ ಸುರಂಗ, ತುದಿಯಲ್ಲಿ ಬೆಳಕು ಎಂಬ ವರ್ಣನೆ ಮನೆಮಾತಾಯಿತು.

ನಮ್ಮ ನಾಡಿನ ಪಾಲೂ ಇದರಲ್ಲಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮನೋವಿಜ್ಞಾನಿ ಸತ್ವಂತ್ ಪಸ್ರಿಚಾ ಅವರು ಇಯಾನ್ ಸ್ಟೀವನ್‌ಸನ್ ಜೊತೆಗೂಡಿ 1986ರಲ್ಲಿ ಭಾರತದ 16 ಪ್ರಕರಣಗಳನ್ನು ವರದಿ ಮಾಡಿದರು. ದೂತರು ಬಂದು ಎಳೆದೊಯ್ದರು, ಅಲ್ಲೊಬ್ಬ ಲೆಕ್ಕದ ಪುಸ್ತಕ ನೋಡಿದ, ತಪ್ಪಿ ಬೇರೆಯವರನ್ನು ತಂದಿದ್ದೀರಿ ಎಂದು ತಿರುಗಿ ಕಳಿಸಿದ ಎಂಬುದು ಇಲ್ಲಿ ಮತ್ತೆ ಮತ್ತೆ ಬರುವ ಕಥನ. ಅಮೆರಿಕದವರ ಹೇಳಿಕೆಗಳಲ್ಲಿ ಯಮದೂತರಿಲ್ಲ, ಚಿತ್ರಗುಪ್ತನೂ ಇಲ್ಲ. ಸಾಯುವ ಮನಸ್ಸು ತಾನು ಬೆಳೆದ ಮನೆಯ ಚಿತ್ರಗಳನ್ನೇ ಎತ್ತಿಕೊಳ್ಳುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸೂಚನೆ ಬೇಕೇ?

ಆದರೆ ಚಿತ್ರ ಬೇರೆಯಾದರೂ ಯಂತ್ರ ಒಂದೇ. ಅದು ನಮ್ಮ ಮಿದುಳು.

ಮೊದಲು ಸುರಂಗವನ್ನು ತೆಗೆದುಕೊಳ್ಳೋಣ. ಯುದ್ಧವಿಮಾನದ ಚಾಲಕರನ್ನು ಸೆಂಟ್ರಿಫ್ಯೂಜ್ ಎಂಬ ಯಂತ್ರದಲ್ಲಿ ಕೂರಿಸಿ ಗರಗರನೆ ತಿರುಗಿಸಿ ತರಬೇತಿ ಕೊಡುತ್ತಾರೆ. ಬೆಂಗಳೂರಿನ ವಾಯುಪಡೆಯ ವೈದ್ಯಕೀಯ ಸಂಸ್ಥೆಯಲ್ಲೂ ಇಂಥ ಯಂತ್ರವಿದೆ. ವೇಗ ಹೆಚ್ಚಿದಂತೆ ರಕ್ತ ಕಾಲಿನ ಕಡೆಗೆ ಇಳಿದು ಕಣ್ಣಿಗೆ, ಮಿದುಳಿಗೆ ಸಾಲದಾಗುತ್ತದೆ. ಆಗ ಮೊದಲು ಅಂಚಿನ ನೋಟ ಮಾಯವಾಗುತ್ತದೆ. ನಡುವಿನದು ಮಾತ್ರ ಉಳಿದು, ಕೊಳವೆಯೊಳಗಿಂದ ನೋಡಿದಂತಾಗುತ್ತದೆ. ಎಚ್ಚರ ತಪ್ಪಿದ ಚಾಲಕರು ಕ್ಷಣಕಾಲ ಕನಸುಗಳನ್ನೂ ಕಂಡಿದ್ದಾರೆಂದು ಅಮೆರಿಕದ ವೈದ್ಯ ಜೇಮ್ಸ್ ವಿನ್ನರಿ ದಾಖಲಿಸಿದ್ದಾನೆ. ಹಳೆಯ ಪಿಕ್ಚರ್ ಟ್ಯೂಬಿನ ಟಿ.ವಿ. ಆರಿಸಿದಾಗ ಚಿತ್ರ ಕುಗ್ಗಿ ನಡುವೆ ಬಿಳಿ ಚುಕ್ಕೆಯೊಂದು ಉಳಿಯುತ್ತಿತ್ತು. ಮನೆಯ ಹಿರಿಯರನ್ನು ಕೇಳಿ ನೋಡಿ. ಕಾರಣ ಬೇರೆ, ನೋಟ ಮಾತ್ರ ಅದೇ ಬಗೆಯದು.

ಇನ್ನು ದೇಹದಿಂದ ಹೊರಬಂದು ಮೇಲಿನಿಂದ ತನ್ನನ್ನೇ ನೋಡಿಕೊಂಡ ಅನುಭವ. 2002ರಲ್ಲಿ ಓಲಾಫ್ ಬ್ಲಾಂಕೆ ಮತ್ತು ಸಂಗಡಿಗರು ಮೂರ್ಛೆರೋಗದ ಮಹಿಳೆಯೊಬ್ಬಳ ಮಿದುಳಿನ ಬಲಭಾಗದ ಒಂದು ತಾಣಕ್ಕೆ ಅಲ್ಪ ವಿದ್ಯುತ್ತು ಹರಿಸಿದರು. ಹಾಸಿಗೆಯಲ್ಲಿ ಮಲಗಿದ ತನ್ನನ್ನು ಮೇಲಿನಿಂದ ಕಾಣುತ್ತಿದ್ದೇನೆ ಎಂದು ಆಕೆ ಹೇಳಿದಳು. ಆಕೆ ಸಾಯುತ್ತಿರಲಿಲ್ಲ. ನಾನು ಎಲ್ಲಿದ್ದೇನೆ ಎಂಬ ಅರಿವನ್ನು ಹೊಂದಿಸುವ ಆ ಭಾಗದ ಕೆಲಸ ಕ್ಷಣಕಾಲ ಏರುಪೇರಾಗಿತ್ತು, ಅಷ್ಟೆ.

ಹೃದಯ ನಿಂತೊಡನೆ ಮಿದುಳು ದೀಪದಂತೆ ಆರಿಬಿಡುತ್ತದೆಯೇ? ಇಲ್ಲವೆನ್ನುತ್ತವೆ ಮಿಶಿಗನ್ ವಿಶ್ವವಿದ್ಯಾಲಯದ ಪ್ರಯೋಗಗಳು. 2013ರಲ್ಲಿ ಇಲಿಗಳಲ್ಲಿ, ಹೃದಯ ನಿಂತ ಮೇಲಿನ ಮೊದಲ ಅರ್ಧ ನಿಮಿಷದಲ್ಲಿ ಮಿದುಳಿನ ಅಲೆಗಳು ಉಕ್ಕಿದ್ದು ಕಂಡಿತು. 2023ರ ವರದಿಯಲ್ಲಿ ಉಸಿರಾಟದ ಯಂತ್ರ ತೆಗೆದ ನಾಲ್ವರು ರೋಗಿಗಳ ಪೈಕಿ ಇಬ್ಬರಲ್ಲಿ ಇಂಥದೇ ಉಕ್ಕು ಕಂಡಿತು. ಆದರೆ ಅವರು ಮರಳಿ ಬಂದು ಹೇಳಲಿಲ್ಲ. ಆ ಅಲೆಗಳ ಹಿಂದೆ ಯಾವ ನೋಟವಿತ್ತೋ ಯಾರೂ ಅರಿಯರು. ವಿಜ್ಞಾನ ತನ್ನ ಗಡಿಯನ್ನು ಮುಚ್ಚಿಡುವುದಿಲ್ಲ; ಅಲ್ಲಿಯೇ ನಿಂತು ಮುಂದಿನ ಪ್ರಯೋಗವನ್ನು ಯೋಚಿಸುತ್ತದೆ.

ಈಗ ಬಾಗಿಲಲ್ಲಿ ನಿಂತ ಅವ್ವನ ಮಾತಿಗೆ ಬರೋಣ. ಅಮೆರಿಕದ ಬಫಲೋ ನಗರದ ಆರೈಕೆ ಕೇಂದ್ರವೊಂದರಲ್ಲಿ ಕೊನೆಯ ದಿನಗಳಲ್ಲಿದ್ದ 59 ಮಂದಿಯನ್ನು ಮಾತಾಡಿಸಿದಾಗ, ನೂರಕ್ಕೆ 88ರಷ್ಟು ಜನ ಒಂದಾದರೂ ಕನಸು ಅಥವಾ ದರ್ಶನ ಕಂಡಿದ್ದರು. ಗತಿಸಿದ ಬಂಧುಗಳನ್ನು ಕಂಡವರಿಗೆ ಹೆಚ್ಚು ಸಮಾಧಾನ ಸಿಕ್ಕಿತ್ತು. 2014ರಲ್ಲಿ ಇದು ಪ್ರಕಟವಾಯಿತು. ಇಂಥವರನ್ನು "ಏನೇನೋ ಬಡಬಡಿಸಬ್ಯಾಡ" ಎಂದು ಗದರುವುದು ತಪ್ಪು. ಕೈ ಹಿಡಿದು "ಅವ್ವ ಏನಂದಳು?" ಎಂದು ಕೇಳುವುದು ಮೇಲು.

ಆದರೆ ಎಲ್ಲ ದರ್ಶನವೂ ಸಾವಿನ ಕರೆಯಲ್ಲ. ವಯಸ್ಸಾದವರು ಇದ್ದಕ್ಕಿದ್ದಂತೆ ಇಲ್ಲದವರನ್ನು ಕಂಡು ಹೆದರಿ, ಹೊತ್ತುಗೊತ್ತು ತಿಳಿಯದೆ ಮಾತಾಡತೊಡಗಿದರೆ ಅದು ಡೆಲಿರಿಯಮ್ ಇರಬಹುದು. ನಮ್ಮ ಹಿರಿಯರು ಅದನ್ನೇ ಸನ್ನಿ ಎಂದರು. ಮೂತ್ರದ ಅಥವಾ ಶ್ವಾಸಕೋಶದ ಸೋಂಕು, ರಕ್ತದಲ್ಲಿ ಸೋಡಿಯಂ ಅಥವಾ ಸಕ್ಕರೆಯ ಏರುಪೇರು, ಯಾವುದೋ ಮಾತ್ರೆ ಇದಕ್ಕೆ ಕಾರಣವಾಗಬಹುದು. ಇವುಗಳಲ್ಲಿ ಹೆಚ್ಚಿನವಕ್ಕೆ ಚಿಕಿತ್ಸೆಯಿದೆ. "ಕರಿಯಾಕ ಬಂದಾರ" ಎಂದು ಕೈಕಟ್ಟಿ ಕುಳಿತರೆ ಬದುಕಬಹುದಾಗಿದ್ದ ಜೀವವೊಂದು ನಮ್ಮ ಕಣ್ಣೆದುರೇ ಹೋಗಿಬಿಡಬಹುದು. ಮೊದಲು ವೈದ್ಯರನ್ನು ಕರೆಯಬೇಕು. ಬಂಧುಗಳಿಗೆ ಸುದ್ದಿ ಆಮೇಲೆ.

ಮುಂದೆ ಐಹೊಳೆಗೆ ಹೋದಾಗ ವೀರಗಲ್ಲಿನ ನಡುವಿನ ಹಂತವನ್ನು ತುಸು ನಿಂತು ನೋಡಿ. ಅಗಲಿದವನು ಒಂಟಿಯಾಗಿ ಹೋಗದಿರಲಿ ಎಂಬ ಊರವರ ಹಂಬಲ ಅಲ್ಲಿದೆ. ಆ ಹಂಬಲವನ್ನು ಗೌರವಿಸೋಣ. ಅದರ ಜೊತೆಗೇ, ಹಾಸಿಗೆಯಲ್ಲಿರುವ ಹಿರಿಯರ ಜ್ವರವನ್ನೂ ನೋಡೋಣ.