ಡಿಫರೆನ್ಷಿಯಲ್ ಗೇರ್ ಅನುಪಾತದ ಬದಲಾವಣೆ (ಪಿಕಪ್ ಟ್ರಕ್)

ಡಿಫರೆನ್ಷಿಯಲ್ ಗೇರ್ ಅನುಪಾತ ಅಥವಾ ಆಕ್ಸಲ್ ಅನುಪಾತವೆಂದರೆ, ಎಂಜಿನ್ನಿನ ಬಲವನ್ನು ಪಡೆಯುವ ಚಕ್ರಗಳು ಒಂದು ಸುತ್ತು ತಿರುಗಬೇಕಾದರೆ ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತು ತಿರುಗಬೇಕು ಎಂಬುದನ್ನು ಸೂಚಿಸುವ ಸಂಖ್ಯೆ. ಅನುಪಾತವು 3.73 ಆಗಿದ್ದರೆ ಶಾಫ್ಟ್ 3.73 ಸುತ್ತು ತಿರುಗಿದಾಗ ಚಕ್ರವು ಒಂದು ಸುತ್ತು ಪೂರೈಸುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನದ ಪಿಕಪ್ ಟ್ರಕ್ ತಯಾರಕರು ಒಂದೇ ಮಾದರಿಯನ್ನು ಎರಡು ಮೂರು ಅನುಪಾತಗಳಲ್ಲಿ ಮಾರುವ ರೂಢಿಯಿರುವುದರಿಂದ, ಕೊಂಡ ನಂತರ ಈ ಅನುಪಾತವನ್ನು ಬದಲಾಯಿಸಬೇಕೇ ಎಂಬ ಪ್ರಶ್ನೆ ಅಲ್ಲಿನ ವಾಹನ ಮಾಲೀಕರಿಗೆ ಆಗಾಗ ಎದುರಾಗುತ್ತದೆ. ದೊಡ್ಡ ಟೈರ್ ಅಳವಡಿಸಿದವರು ಹಾಗೂ ಭಾರವಾದ ಟ್ರೈಲರ್ ಎಳೆಯುವವರು ಇದನ್ನು ಹೆಚ್ಚಾಗಿ ಪರಿಗಣಿಸುತ್ತಾರೆ. ಅನುಪಾತದ ಬದಲಾವಣೆಯಿಂದ ಎಂಜಿನ್ನಿನ ಸಾಮರ್ಥ್ಯವಾಗಲಿ, ತಯಾರಕರು ನಿಗದಿಪಡಿಸಿದ ಭಾರದ ಮಿತಿಯಾಗಲಿ ಹೆಚ್ಚುವುದಿಲ್ಲ. ವೇಗ ಮತ್ತು ಎಳೆತಗಳ ನಡುವಿನ ಹಂಚಿಕೆ ಮಾತ್ರ ಬದಲಾಗುತ್ತದೆ.

ರಚನೆ

ಹಿಂಬದಿ ಆಕ್ಸಲ್‌ನ ನಡುವಿನ ಗುಂಡಾದ ಕವಚದೊಳಗೆ ಎರಡು ಮುಖ್ಯ ಗೇರುಗಳಿರುತ್ತವೆ. ಪ್ರೊಪೆಲ್ಲರ್ ಶಾಫ್ಟಿಗೆ ಜೋಡಿಸಿದ ಚಿಕ್ಕ ಗೇರನ್ನು ಪಿನಿಯನ್ ಎಂದೂ, ಅದರಿಂದ ತಿರುಗುವ ದೊಡ್ಡ ಗೇರನ್ನು ಕ್ರೌನ್ ವೀಲ್ ಎಂದೂ ಕರೆಯುತ್ತಾರೆ. ಕ್ರೌನ್ ವೀಲಿನ ಹಲ್ಲುಗಳ ಸಂಖ್ಯೆಯನ್ನು ಪಿನಿಯನ್ನಿನ ಹಲ್ಲುಗಳ ಸಂಖ್ಯೆಯಿಂದ ಭಾಗಿಸಿದರೆ ಅನುಪಾತ ದೊರೆಯುತ್ತದೆ. 41 ಹಲ್ಲುಗಳ ಕ್ರೌನ್ ವೀಲ್ ಮತ್ತು 11 ಹಲ್ಲುಗಳ ಪಿನಿಯನ್ ಸೇರಿದರೆ 3.73, ಅದೇ 41ಕ್ಕೆ 10 ಹಲ್ಲುಗಳ ಪಿನಿಯನ್ ಸೇರಿದರೆ 4.10; 9 ಹಲ್ಲುಗಳದಾದರೆ 4.56. ಎರಡೂ ಗೇರುಗಳನ್ನು ತಯಾರಿಕೆಯ ಹಂತದಲ್ಲಿಯೇ ಜೋಡಿಯಾಗಿ ಹೊಂದಿಸಿರುವುದರಿಂದ ಅವುಗಳಲ್ಲಿ ಒಂದನ್ನು ಮಾತ್ರ ಬದಲಾಯಿಸುವಂತಿಲ್ಲ.

ಕ್ರೌನ್ ವೀಲನ್ನು ಹೊತ್ತಿರುವ ಭಾಗವೇ ನಿಜವಾದ ಡಿಫರೆನ್ಷಿಯಲ್. ತಿರುವಿನಲ್ಲಿ ಹೊರಗಿನ ಚಕ್ರವು ಒಳಗಿನ ಚಕ್ರಕ್ಕಿಂತ ಹೆಚ್ಚು ದೂರ ಉರುಳಲು ಅವಕಾಶ ಕೊಡುವುದು ಅದರ ಕೆಲಸ. ಅನುಪಾತವನ್ನು ನಿರ್ಧರಿಸುವುದು ಕ್ರೌನ್ ವೀಲ್ ಮತ್ತು ಪಿನಿಯನ್‌ಗಳೇ ಹೊರತು ಡಿಫರೆನ್ಷಿಯಲ್ ಅಲ್ಲ. ಆದರೂ ಎಲ್ಲವೂ ಒಂದೇ ಕವಚದೊಳಗಿರುವುದರಿಂದ ಈ ಹೆಸರು ಬಳಕೆಗೆ ಬಂದಿದೆ.

ಪರಿಭಾಷೆಯಲ್ಲಿ ಒಂದು ಗೊಂದಲವಿದೆ. 4.10ರಂತಹ ದೊಡ್ಡ ಸಂಖ್ಯೆಯ ಅನುಪಾತವನ್ನು ಮೆಕ್ಯಾನಿಕ್‌ಗಳು ‘ಲೋ’ ಗೇರ್ ಎಂದೂ, 3.08ರಂತಹ ಚಿಕ್ಕ ಸಂಖ್ಯೆಯದನ್ನು ‘ಹೈ’ ಗೇರ್ ಎಂದೂ ಕರೆಯುತ್ತಾರೆ. ಮೊದಲನೆಯ ಗೇರನ್ನು ಲೋ ಎನ್ನುವ ವಾಡಿಕೆಯನ್ನೇ ಇದು ಅನುಸರಿಸುತ್ತದೆ. ಈ ಗೊಂದಲವನ್ನು ತಪ್ಪಿಸಲು ಈ ಲೇಖನದಲ್ಲಿ ‘ದೊಡ್ಡ ಅನುಪಾತ’, ‘ಚಿಕ್ಕ ಅನುಪಾತ’ ಎಂಬ ಪದಗಳನ್ನು ಸಂಖ್ಯೆಯ ಅರ್ಥದಲ್ಲಿಯೇ ಬಳಸಲಾಗಿದೆ.

ಇತಿಹಾಸ

ಒಂದೇ ಎಂಜಿನ್ನನ್ನು ಬೇರೆ ಬೇರೆ ಕೆಲಸಗಳಿಗೆ ಒಗ್ಗಿಸಲು ಅನುಪಾತವನ್ನು ಬದಲಾಯಿಸುವ ಕ್ರಮ ಮೋಟಾರು ವಾಹನಗಳ ಆರಂಭ ಕಾಲದಿಂದಲೂ ಇದೆ. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ 40 ಹಾಗೂ 11 ಹಲ್ಲುಗಳ ಗೇರುಗಳಿದ್ದು ಅನುಪಾತವು 3.64 ಆಗಿತ್ತು. ಸುಮಾರು 20 ಅಶ್ವಶಕ್ತಿಯ ಅದೇ ಎಂಜಿನ್ನನ್ನು ಬಳಸಿ 1917ರಲ್ಲಿ ಒಂದು ಟನ್ ಹೊರುವ ಮಾಡೆಲ್ ಟಿಟಿ ಟ್ರಕ್ಕನ್ನು ತಯಾರಿಸಿದಾಗ ಅನುಪಾತವನ್ನು 7.25ಕ್ಕೆ ಏರಿಸಲಾಯಿತು. ಟ್ರಕ್ಕು ಭಾರವನ್ನು ಹೊತ್ತಿತು, ಆದರೆ ಕಾರಿಗಿಂತ ಬಹಳ ನಿಧಾನವಾಗಿ ಚಲಿಸಿತು. ಎರಡನೆಯ ಮಹಾಯುದ್ಧ ಕಾಲದ ವಿಲ್ಲಿಸ್ ಎಂಬಿ ಜೀಪಿನ ಅನುಪಾತ 4.88 ಆಗಿತ್ತು. ಯುದ್ಧಾನಂತರ ಹೊಲಗದ್ದೆಗಳ ಕೆಲಸವನ್ನೂ ಗಮನದಲ್ಲಿಟ್ಟು ಹೊರತಂದ ಸಿಜೆ-2ಎ ಜೀಪಿನಲ್ಲಿ ಅದನ್ನು 5.38 ಮಾಡಲಾಯಿತು.

1973ರ ತೈಲ ಬಿಕ್ಕಟ್ಟಿನ ನಂತರ ಇಂಧನ ಉಳಿತಾಯದ ದೃಷ್ಟಿಯಿಂದ ಅಮೆರಿಕದ ತಯಾರಕರು ಚಿಕ್ಕ ಅನುಪಾತಗಳತ್ತ ಹೊರಳಿದರು. ಮುಂದೆ ಓವರ್‌ಡ್ರೈವ್ ಗೇರುಳ್ಳ ಗೇರ್‌ಬಾಕ್ಸ್‌ಗಳು ಸಾಮಾನ್ಯವಾದಾಗ, ಆಕ್ಸಲ್‌ನಲ್ಲಿ ದೊಡ್ಡ ಅನುಪಾತವಿದ್ದರೂ ಹೆದ್ದಾರಿಯಲ್ಲಿ ಎಂಜಿನ್ ನಿಧಾನವಾಗಿ ತಿರುಗುವುದು ಸಾಧ್ಯವಾಯಿತು.

ಅನುಪಾತದ ಪರಿಣಾಮ

ಗೇರು ಸನ್ನೆಯಂತೆ ಕೆಲಸ ಮಾಡುತ್ತದೆ. ಸನ್ನೆಯ ಉದ್ದ ಹೆಚ್ಚಿದಷ್ಟೂ ಬಂಡೆಯನ್ನು ಎತ್ತುವುದು ಸುಲಭ, ಆದರೆ ಕೈ ಹೆಚ್ಚು ದೂರ ಚಲಿಸಬೇಕು. ಅದೇ ರೀತಿ 3.55ರಿಂದ 4.10ಕ್ಕೆ ಹೋದರೆ ಪ್ರತಿಯೊಂದು ಗೇರಿನಲ್ಲಿಯೂ ಚಕ್ರಕ್ಕೆ ತಲುಪುವ ಟಾರ್ಕ್, ಅಂದರೆ ತಿರುಗಿಸುವ ಬಲ, ಸುಮಾರು ಶೇಕಡಾ 15ರಷ್ಟು ಹೆಚ್ಚುತ್ತದೆ. ಅದೇ ವೇಗದಲ್ಲಿ ಅದೇ ಗೇರಿನಲ್ಲಿ ಎಂಜಿನ್ ತಿರುಗುವ ಸುತ್ತುಗಳೂ ಅಷ್ಟೇ ಪ್ರಮಾಣದಲ್ಲಿ ಹೆಚ್ಚುತ್ತವೆ.

ಇದನ್ನು ಲೆಕ್ಕದಿಂದ ತಿಳಿಯಬಹುದು. ಗಂಟೆಗೆ 100 ಕಿ.ಮೀ. ವೇಗವೆಂದರೆ ನಿಮಿಷಕ್ಕೆ ಸುಮಾರು 1,667 ಮೀಟರ್. ಟೈರಿನ ವ್ಯಾಸ 0.80 ಮೀಟರ್ ಆಗಿದ್ದರೆ ಅದರ ಸುತ್ತಳತೆ 2.51 ಮೀಟರ್, ಆದ್ದರಿಂದ ಚಕ್ರವು ನಿಮಿಷಕ್ಕೆ ಸುಮಾರು 663 ಸುತ್ತು ತಿರುಗುತ್ತದೆ. ಇದನ್ನು ಆಕ್ಸಲ್ ಅನುಪಾತದಿಂದಲೂ ಗೇರ್‌ಬಾಕ್ಸಿನ ಅನುಪಾತದಿಂದಲೂ ಗುಣಿಸಿದರೆ ಎಂಜಿನ್ನಿನ ಸುತ್ತುಗಳು ದೊರೆಯುತ್ತವೆ. ಓವರ್‌ಡ್ರೈವ್ ಗೇರಿನ ಅನುಪಾತ 0.70 ಇರುವ ವಾಹನದಲ್ಲಿ ಫಲಿತಾಂಶ ಹೀಗಿರುತ್ತದೆ:

• 3.55 ಅನುಪಾತ: ನಿಮಿಷಕ್ಕೆ ಸುಮಾರು 1,650 ಸುತ್ತು
• 3.73 ಅನುಪಾತ: ಸುಮಾರು 1,730 ಸುತ್ತು
• 4.10 ಅನುಪಾತ: ಸುಮಾರು 1,900 ಸುತ್ತು
• 4.56 ಅನುಪಾತ: ಸುಮಾರು 2,120 ಸುತ್ತು

3.55 ಮತ್ತು 3.73ರ ನಡುವಿನ ವ್ಯತ್ಯಾಸ ಶೇಕಡಾ 5 ಮಾತ್ರ. ಆದ್ದರಿಂದ ಒಂದೇ ಮೆಟ್ಟಿಲಿನ ಬದಲಾವಣೆಯು ಅದಕ್ಕೆ ತಗಲುವ ಖರ್ಚಿಗೆ ತಕ್ಕ ಫಲ ಕೊಡುವುದು ಅಪರೂಪ.

ಬದಲಾವಣೆಗೆ ಕಾರಣಗಳು

ದೊಡ್ಡ ಟೈರ್

ಬದಲಾವಣೆಗೆ ಅತ್ಯಂತ ಸ್ಪಷ್ಟವಾದ ಕಾರಣ ದೊಡ್ಡ ಟೈರ್. 0.80 ಮೀಟರ್ ವ್ಯಾಸದ ಟೈರಿನ ಬದಲು 0.89 ಮೀಟರ್, ಅಂದರೆ 35 ಇಂಚು, ವ್ಯಾಸದ್ದನ್ನು ಹಾಕಿದರೆ ಪ್ರತಿ ಸುತ್ತಿಗೆ ಕ್ರಮಿಸುವ ದೂರ ಸುಮಾರು ಶೇಕಡಾ 11ರಷ್ಟು ಹೆಚ್ಚುತ್ತದೆ. ಆಗ 3.73 ಅನುಪಾತದ ವಾಹನವು 3.35 ಅನುಪಾತವಿದ್ದಂತೆ ವರ್ತಿಸುತ್ತದೆ. ನಿಂತಲ್ಲಿಂದ ಹೊರಡುವಾಗ ಮಂದವಾಗುತ್ತದೆ, ಏರಿನಲ್ಲಿ ಮೇಲಿನ ಗೇರನ್ನು ಉಳಿಸಿಕೊಳ್ಳಲಾರದು. ಮೊದಲಿನ ಗುಣವನ್ನು ಮರಳಿ ಪಡೆಯಲು ಬೇಕಾದ ಅನುಪಾತವನ್ನು ತಿಳಿಯಲು ಹಳೆಯ ಅನುಪಾತವನ್ನು ಹೊಸ ವ್ಯಾಸದಿಂದ ಗುಣಿಸಿ ಹಳೆಯ ವ್ಯಾಸದಿಂದ ಭಾಗಿಸಬೇಕು. ಈ ಉದಾಹರಣೆಯಲ್ಲಿ ಉತ್ತರ 4.15, ಮಾರುಕಟ್ಟೆಯಲ್ಲಿ ದೊರೆಯುವ ಹತ್ತಿರದ ಅನುಪಾತ 4.10.

ಭಾರ ಮತ್ತು ಟ್ರೈಲರ್

ಟ್ರೈಲರ್ ಎಳೆಯುವವರ ವಿಷಯದಲ್ಲಿ ಉತ್ತರ ಇಷ್ಟು ಸರಳವಲ್ಲ. ಏರಿನಲ್ಲಿ ಹೆಚ್ಚು ಎಳೆತ ಬೇಕಾದಾಗ ಗೇರ್‌ಬಾಕ್ಸ್ ಕೆಳಗಿನ ಗೇರಿಗೆ ಇಳಿದು ಅದನ್ನು ಒದಗಿಸುತ್ತದೆ. ಆಕ್ಸಲ್ ಅನುಪಾತ ಚಿಕ್ಕದಾಗಿದ್ದರೂ ಒಂದು ಗೇರು ಕೆಳಗೆ ಇಳಿಸಿದಾಗ ಒಟ್ಟು ಅನುಪಾತವು ದೊಡ್ಡ ಆಕ್ಸಲ್ ಅನುಪಾತದ ವಾಹನಕ್ಕೆ ಸಮೀಪವೇ ಇರಬಹುದು. ಹೀಗಾಗಿ ಕೆಳಗಿನ ಗೇರುಗಳು ಇನ್ನೂ ಉಳಿದಿರುವಾಗ ಆಕ್ಸಲ್ ಬದಲಾವಣೆಯಿಂದ ಹೊಸದಾಗಿ ಏನೂ ದೊರೆಯದೆ ಹೋಗಬಹುದು.

ನಿಜವಾದ ಪ್ರಯೋಜನ ಕಾಣುವುದು ಎರಡು ಸಂದರ್ಭಗಳಲ್ಲಿ. ಮೊದಲನೆಯದು, ಮೊದಲ ಗೇರಿನಲ್ಲಿಯೇ ವಾಹನವು ಭಾರದೊಡನೆ ಹೊರಡಲು ಕಷ್ಟಪಡುವುದು. ಅಲ್ಲಿಂದ ಕೆಳಗೆ ಇಳಿಯಲು ಬೇರೆ ಗೇರಿಲ್ಲ. ಎರಡನೆಯದು, ಗೇರುಗಳ ನಡುವಿನ ಅಂತರ ದೊಡ್ಡದಾಗಿದ್ದು ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಒಂದು ಗೇರಿನಿಂದ ಇನ್ನೊಂದಕ್ಕೆ ಪದೇ ಪದೇ ಏರಿಳಿಯುವುದು. ಇಂತಹ ಏರಿಳಿತದಲ್ಲಿ ಗೇರ್‌ಬಾಕ್ಸಿನ ಎಣ್ಣೆ ಬಿಸಿಯಾಗಿ ಅದರ ಆಯುಷ್ಯ ಕಡಿಮೆಯಾಗುತ್ತದೆ.

ಗೇರ್‌ಬಾಕ್ಸಿನ ಪಾತ್ರ

ಆಕ್ಸಲ್ ಅನುಪಾತವನ್ನು ಗೇರ್‌ಬಾಕ್ಸಿನಿಂದ ಬೇರ್ಪಡಿಸಿ ಅಳೆಯುವುದು ತಪ್ಪು ತೀರ್ಮಾನಕ್ಕೆ ದಾರಿ ಮಾಡುತ್ತದೆ. ಜನರಲ್ ಮೋಟಾರ್ಸ್‌ನ ನಾಲ್ಕು ಗೇರುಗಳ 4ಎಲ್60-ಇ ಗೇರ್‌ಬಾಕ್ಸಿನ ಮೊದಲ ಗೇರು 3.06. ಅದರೊಡನೆ 4.10ರ ಆಕ್ಸಲ್ ಇದ್ದರೆ ಒಟ್ಟು ಅನುಪಾತ 12.5. ಫೋರ್ಡ್‌ನ ಹತ್ತು ಗೇರುಗಳ ಗೇರ್‌ಬಾಕ್ಸಿನ ಮೊದಲ ಗೇರು ಸುಮಾರು 4.70, ಅದರೊಡನೆ 3.31ರ ಆಕ್ಸಲ್ ಇದ್ದರೂ ಒಟ್ಟು ಅನುಪಾತ 15.5 ಆಗುತ್ತದೆ. ಅಂದರೆ ‘ಚಿಕ್ಕ’ ಆಕ್ಸಲ್ ಅನುಪಾತದ ಹೊಸ ವಾಹನಕ್ಕೆ ‘ದೊಡ್ಡ’ ಅನುಪಾತದ ಹಳೆಯ ವಾಹನಕ್ಕಿಂತ ಹೆಚ್ಚಿನ ಗುಣಕವಿದೆ. ಹಳೆಯ ನಾಲ್ಕು ಗೇರುಗಳ ವಾಹನಗಳಿಗೆ ಹೇಳಿದ ಸಲಹೆಯನ್ನು ಎಂಟು ಅಥವಾ ಹತ್ತು ಗೇರುಗಳ ವಾಹನಗಳಿಗೆ ಹಾಗೆಯೇ ಅನ್ವಯಿಸಲಾಗದು.

ಇಂಧನ

ಖಾಲಿ ವಾಹನವನ್ನು ಹೆದ್ದಾರಿಯಲ್ಲಿ ಹೆಚ್ಚು ಓಡಿಸುವವರಿಗೆ ದೊಡ್ಡ ಅನುಪಾತದಿಂದ ಇಂಧನದ ಖರ್ಚು ಸಾಮಾನ್ಯವಾಗಿ ಹೆಚ್ಚುತ್ತದೆ. ಅನುಪಾತವನ್ನು ತೀರಾ ಚಿಕ್ಕದಾಗಿಸಿದರೂ ನಿರೀಕ್ಷಿಸಿದ ಉಳಿತಾಯ ಕೈಗೆಟುಕದಿರಬಹುದು. ಎಂಜಿನ್ ತಿಣುಕುವಾಗ ಚಾಲಕನು ಆಕ್ಸಿಲರೇಟರನ್ನು ಹೆಚ್ಚು ಒತ್ತಬೇಕಾಗುತ್ತದೆ, ಇಲ್ಲವೇ ಓವರ್‌ಡ್ರೈವ್ ಬಳಕೆಗೇ ಬಾರದಂತಾಗುತ್ತದೆ. ಡೀಸೆಲ್ ಎಂಜಿನ್‌ಗಳು ಕಡಿಮೆ ಸುತ್ತುಗಳಲ್ಲಿಯೇ ಹೆಚ್ಚು ಟಾರ್ಕ್ ನೀಡುವುದರಿಂದ ಅದೇ ಕೆಲಸಕ್ಕೆ ಪೆಟ್ರೋಲ್ ಎಂಜಿನ್ನಿಗಿಂತ ಚಿಕ್ಕ ಅನುಪಾತ ಸಾಕಾಗುತ್ತದೆ.

ನಿರ್ಧಾರಕ್ಕೆ ಮುನ್ನ ಪರಿಶೀಲನೆ

ಮೊದಲು ಈಗಿರುವ ಅನುಪಾತವನ್ನು ಖಚಿತಪಡಿಸಿಕೊಳ್ಳಬೇಕು. ಆಕ್ಸಲ್ ಕವಚದ ಮೇಲಿನ ಲೋಹದ ಪಟ್ಟಿಯಲ್ಲಿ ಅಥವಾ ಬಾಗಿಲ ಚೌಕಟ್ಟಿನ ಚೀಟಿಯಲ್ಲಿರುವ ಸಂಕೇತದಿಂದ ಅದು ತಿಳಿಯುತ್ತದೆ. ಹಳೆಯ ವಾಹನಗಳಲ್ಲಿ ಹಿಂದಿನ ಮಾಲೀಕರು ಗೇರುಗಳನ್ನು ಬದಲಾಯಿಸಿರುವ ಸಾಧ್ಯತೆಯೂ ಇರುವುದರಿಂದ ಎಣಿಸಿ ನೋಡುವುದು ಲೇಸು. ಸಾಮಾನ್ಯ ಡಿಫರೆನ್ಷಿಯಲ್ ಇರುವ ವಾಹನವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಉಳಿದ ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು, ಹಿಂಬದಿಯ ಒಂದು ಚಕ್ರವನ್ನು ಮಾತ್ರ ಎತ್ತಿ ಸ್ಟ್ಯಾಂಡಿನ ಮೇಲೆ ಭದ್ರಪಡಿಸಿ, ಗೇರನ್ನು ನ್ಯೂಟ್ರಲ್‌ಗೆ ತರಬೇಕು. ಎತ್ತಿದ ಚಕ್ರವನ್ನು ಪೂರ್ತಿ ಎರಡು ಸುತ್ತು ತಿರುಗಿಸಿದಾಗ ಪ್ರೊಪೆಲ್ಲರ್ ಶಾಫ್ಟ್ ತಿರುಗುವ ಸುತ್ತುಗಳ ಸಂಖ್ಯೆಯೇ ಅನುಪಾತ. ನೆಲದಲ್ಲಿರುವ ಚಕ್ರ ನಿಂತಿರುವುದರಿಂದ ಇಲ್ಲಿ ಒಂದರ ಬದಲು ಎರಡು ಸುತ್ತು ಬೇಕಾಗುತ್ತದೆ.

ಅನಂತರ ಪರಿಶೀಲಿಸಬೇಕಾದ ಅಂಶಗಳು:

• ನಾಲ್ಕು ಚಕ್ರ ಚಾಲನೆ: ಇಂತಹ ವಾಹನಗಳಲ್ಲಿ ಹಿಂದಿನ ಹಾಗೂ ಮುಂದಿನ ಆಕ್ಸಲ್‌ಗಳ ಅನುಪಾತ ಒಂದೇ ಆಗಿರಬೇಕು, 4.10 ಮತ್ತು 4.09ರಂತಹ ಅತ್ಯಲ್ಪ ಅಂತರವನ್ನು ಮಾತ್ರ ಸಹಿಸಬಹುದು. ಒಂದನ್ನೇ ಬದಲಾಯಿಸಿ ಗಟ್ಟಿ ರಸ್ತೆಯಲ್ಲಿ ನಾಲ್ಕು ಚಕ್ರ ಚಾಲನೆಯನ್ನು ಬಳಸಿದರೆ ಎರಡು ಆಕ್ಸಲ್‌ಗಳು ಒಂದನ್ನೊಂದು ಎಳೆದಾಡಿ ಟ್ರಾನ್ಸ್‌ಫರ್ ಕೇಸ್ ಹಾಳಾಗಬಹುದು. ಆದ್ದರಿಂದ ಖರ್ಚು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ.
• ಕ್ಯಾರಿಯರ್: ಕ್ರೌನ್ ವೀಲನ್ನು ಹೊರುವ ಕ್ಯಾರಿಯರ್ ಕೆಲವು ಆಕ್ಸಲ್‌ಗಳಲ್ಲಿ ಎಲ್ಲ ಅನುಪಾತಗಳಿಗೂ ಹೊಂದುವುದಿಲ್ಲ. ಡಾನಾ 44 ಆಕ್ಸಲ್‌ನಲ್ಲಿ 3.73ರವರೆಗೆ ಒಂದು ಕ್ಯಾರಿಯರ್, 3.92ರಿಂದ ಮೇಲಕ್ಕೆ ಇನ್ನೊಂದು ಬೇಕು. ಡಾನಾ 60ರಲ್ಲಿ ಈ ಗಡಿ 4.10 ಮತ್ತು 4.56ರ ನಡುವೆ ಬರುತ್ತದೆ.
• ಪಿನಿಯನ್ನಿನ ಬಲ: ಅನುಪಾತ ದೊಡ್ಡದಾದಂತೆ ಪಿನಿಯನ್ ಚಿಕ್ಕದಾಗುತ್ತದೆ, ಅದರ ಹಲ್ಲುಗಳೂ ಕಡಿಮೆಯಾಗುತ್ತವೆ. ಒರಟು ಬಳಕೆಯಲ್ಲಿ ಇದು ದುರ್ಬಲ ಕೊಂಡಿಯಾಗಬಹುದು.
• ವೇಗಮಾಪಕ: ದೊಡ್ಡ ಟೈರ್ ಹಾಕಿ ಏನನ್ನೂ ತಿದ್ದದಿದ್ದರೆ, ಮೇಲಿನ ಉದಾಹರಣೆಯಲ್ಲಿ ಮಾಪಕ 100 ತೋರಿಸುವಾಗ ನಿಜವಾದ ವೇಗ 111 ಆಗಿರುತ್ತದೆ. ವೇಗವನ್ನು ಗೇರ್‌ಬಾಕ್ಸಿನ ಹಿಂಭಾಗದಲ್ಲಿ ಅಳೆಯುವ ವಾಹನಗಳಲ್ಲಿ ಆಕ್ಸಲ್ ಅನುಪಾತ ಬದಲಾದಾಗಲೂ ಮಾಪಕ ತಪ್ಪುತ್ತದೆ. ಹೊಸ ವಾಹನಗಳ ನಿಯಂತ್ರಣ ಕಂಪ್ಯೂಟರಿಗೆ ಹೊಸ ಅನುಪಾತವನ್ನು ತಿಳಿಸದಿದ್ದರೆ ಗೇರು ಬದಲಾವಣೆಯ ಸಮಯವೂ ಏರುಪೇರಾಗಬಹುದು.

ಅಳವಡಿಕೆ

ಪಿಕಪ್‌ಗಳ ಆಕ್ಸಲ್‌ನಲ್ಲಿ ಸಾಮಾನ್ಯವಾಗಿ ಹೈಪಾಯ್ಡ್ ಬಗೆಯ ಗೇರುಗಳಿರುತ್ತವೆ. ಇವುಗಳಲ್ಲಿ ಪಿನಿಯನ್ನಿನ ಅಕ್ಷವು ಕ್ರೌನ್ ವೀಲಿನ ಮಧ್ಯರೇಖೆಗಿಂತ ಕೆಳಗಿದ್ದು, ಹಲ್ಲುಗಳು ಉರುಳುವುದರ ಜೊತೆಗೆ ಒಂದರ ಮೇಲೊಂದು ಜಾರುತ್ತವೆ. ಆದ್ದರಿಂದ ಜೋಡಣೆಯಲ್ಲಿ ಸೂಕ್ಷ್ಮ ಅಳತೆಗಳು ಅಗತ್ಯ. ಪಿನಿಯನ್ನಿನ ಆಳ, ಬೇರಿಂಗ್‌ಗಳ ಬಿಗಿತ ಮತ್ತು ಹಲ್ಲುಗಳ ನಡುವಿನ ಸಡಿಲ ಇವುಗಳನ್ನು ತೆಳುವಾದ ಲೋಹದ ಬಿಲ್ಲೆಗಳ ನೆರವಿನಿಂದ ಹೊಂದಿಸುತ್ತಾರೆ. ಹಲ್ಲುಗಳ ನಡುವಿನ ಸಡಿಲವು ಸಾಮಾನ್ಯವಾಗಿ 0.15ರಿಂದ 0.25 ಮಿಲಿಮೀಟರ್ ಆಸುಪಾಸಿನಲ್ಲಿರಬೇಕು. ಹಲ್ಲುಗಳಿಗೆ ಬಣ್ಣ ಹಚ್ಚಿ ತಿರುಗಿಸಿ, ಮೂಡಿದ ಗುರುತಿನಿಂದ ಸ್ಪರ್ಶ ಸರಿಯಾಗಿದೆಯೇ ಎಂದು ನೋಡುತ್ತಾರೆ. ಜೋಡಣೆ ತಪ್ಪಿದರೆ ಮೊದಲು ಊಳಿಡುವಂತಹ ಸದ್ದು ಬರುತ್ತದೆ, ಮುಂದೆ ಗೇರುಗಳೇ ಸವೆದು ಹೋಗುತ್ತವೆ. ವಿಶೇಷ ಉಪಕರಣಗಳೂ ಅನುಭವವೂ ಬೇಕಾದ ಕೆಲಸವಾದುದರಿಂದ ಬಿಡಿಭಾಗಗಳ ಬೆಲೆಯಷ್ಟೇ ಕೂಲಿಯ ಖರ್ಚನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

ಹೊಸ ಗೇರುಗಳನ್ನು ಪಳಗಿಸುವುದೂ ಮುಖ್ಯ. ಆರಂಭದಲ್ಲಿ ಸ್ವಲ್ಪ ದೂರ ಸಾಧಾರಣ ವೇಗದಲ್ಲಿ ಓಡಿಸಿ ಆಕ್ಸಲ್ ತಣಿಯಲು ಬಿಡಬೇಕು. ಮೊದಲ 800 ಕಿ.ಮೀ.ವರೆಗೆ ಭಾರ ಎಳೆಯದಿರುವುದು ಮತ್ತು ಅಲ್ಲಿಗೆ ಗೇರ್ ಆಯಿಲ್ ಬದಲಾಯಿಸುವುದು ಸಾಮಾನ್ಯ ಸಲಹೆ.

ಮಿತಿಗಳು ಮತ್ತು ಸುರಕ್ಷತೆ

ತಯಾರಕರ ಪಟ್ಟಿಗಳಲ್ಲಿ ದೊಡ್ಡ ಅನುಪಾತದ ಮಾದರಿಗೆ ಹೆಚ್ಚು ಎಳೆಯುವ ಮಿತಿಯನ್ನು ಕೊಟ್ಟಿರುವುದನ್ನು ಕಂಡು, ಗೇರು ಬದಲಾಯಿಸಿದರೆ ತಮ್ಮ ವಾಹನದ ಮಿತಿಯೂ ಏರುತ್ತದೆ ಎಂದು ಕೆಲವರು ಭಾವಿಸುತ್ತಾರೆ. ಇದು ಅಪಾಯಕಾರಿ ತಪ್ಪು. ಹೆಚ್ಚಿನ ಮಿತಿಯ ಮಾದರಿಯಲ್ಲಿ ರೇಡಿಯೇಟರ್, ಗೇರ್‌ಬಾಕ್ಸ್ ಕೂಲರ್ ಅಥವಾ ಸ್ಪ್ರಿಂಗುಗಳು ಕೂಡ ಬೇರೆಯಾಗಿರಬಹುದು. ಗೇರು ಬದಲಾದರೂ ಬ್ರೇಕು, ಚಾಸಿ, ಟೈರ್ ಮತ್ತು ಕೊಂಡಿಯ ಬಲ ಹಿಂದಿನಷ್ಟೇ ಇರುತ್ತದೆ. ಭಾರವನ್ನು ಹೊರಡಿಸುವ ಬಲ ಹೆಚ್ಚಿದ ಮಾತ್ರಕ್ಕೆ ಅದನ್ನು ನಿಲ್ಲಿಸುವ ಬಲ ಹೆಚ್ಚುವುದಿಲ್ಲ. ಇಳಿಜಾರಿನಲ್ಲಿ ಅದೇ ಗೇರಿನಲ್ಲಿ ಎಂಜಿನ್ ಬ್ರೇಕಿಂಗ್ ಸ್ವಲ್ಪ ಹೆಚ್ಚುವುದು ನಿಜವಾದರೂ ಅದು ಬ್ರೇಕಿಗೆ ಬದಲಿಯಲ್ಲ.

ಭಾರತದಲ್ಲಿ ಗ್ಯಾರೇಜುಗಳು ಈ ಜೋಡಿಯನ್ನು ‘ಕ್ರೌನ್-ಪಿನಿಯನ್ ಸೆಟ್’ ಎಂದು ಕರೆಯುತ್ತವೆ. ಮೋಟಾರು ವಾಹನಗಳ ಕಾಯ್ದೆ, 1988ರ 52ನೆಯ ಸೆಕ್ಷನ್ ಪ್ರಕಾರ, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ಸೂಚಿಸಿದವುಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಗೇರು ಬದಲಾದರೂ ನೋಂದಣಿ ಪತ್ರದಲ್ಲಿ ನಮೂದಾದ ಒಟ್ಟು ತೂಕದ ಮಿತಿಯೇ ಅನ್ವಯಿಸುತ್ತದೆ.

ಪರ್ಯಾಯಗಳು

ಹಲವು ಸಂದರ್ಭಗಳಲ್ಲಿ ಕಡಿಮೆ ಖರ್ಚಿನ ಉಪಾಯಗಳು ಸಾಕಾಗುತ್ತವೆ. ಗೇರ್‌ಬಾಕ್ಸಿನ ‘ಟೋ’ ಕ್ರಮವನ್ನು ಬಳಸುವುದು ಅಥವಾ ಭಾರ ಎಳೆಯುವಾಗ ಓವರ್‌ಡ್ರೈವನ್ನು ನಿಲ್ಲಿಸುವುದರಿಂದ ಪದೇ ಪದೇ ಗೇರು ಬದಲಾಗುವುದು ತಪ್ಪುತ್ತದೆ. ದೊಡ್ಡ ಟೈರುಗಳನ್ನು ತೆಗೆದು ಮೂಲ ಅಳತೆಯವನ್ನು ಹಾಕಿದರೆ ಮೂಲ ಅನುಪಾತದ ಗುಣ ತಾನಾಗಿಯೇ ಮರಳುತ್ತದೆ. ವರ್ಷಕ್ಕೆ ಒಂದೆರಡು ಸಲ ಮಾತ್ರ ಭಾರ ಎಳೆಯುವವರಿಗೆ ನಿಧಾನವಾಗಿ ಏರುವುದೇ ಅಗ್ಗದ ದಾರಿ. ನಿತ್ಯವೂ ಮಿತಿಯ ಅಂಚಿನಲ್ಲಿ ಎಳೆಯಬೇಕಾದವರಿಗೆ, ಆ ಕೆಲಸಕ್ಕೆಂದೇ ತಯಾರಾದ ಹೆಚ್ಚಿನ ಸಾಮರ್ಥ್ಯದ ವಾಹನವು ಗೇರು ಬದಲಾವಣೆಗಿಂತ ಸೂಕ್ತ ಆಯ್ಕೆಯಾಗುತ್ತದೆ.

ಇವನ್ನೂ ನೋಡಿ

• ಡಿಫರೆನ್ಷಿಯಲ್
• ಗೇರ್
• ಟಾರ್ಕ್
• ಪಿಕಪ್ ಟ್ರಕ್