ಒಲೆಯ ಹೊಗೆಗೆ ಲೆಕ್ಕ ಇಟ್ಟವರು

ಇಲ್ಲಿ ಬಿಸಿಲು ಇಳಿದು ನವೆಂಬರ್ ಬಂತೆಂದರೆ ನಮ್ಮ ಆಸ್ಪತ್ರೆಯ ಔಷಧದ ಕೌಂಟರಿಗೆ ಊರಿಂದ ವಿಸಿಟ್ ವೀಸಾದಲ್ಲಿ ಬಂದ ಅಮ್ಮಂದಿರು ಹೆಚ್ಚುತ್ತಾರೆ. ಮಗನೋ ಸೊಸೆಯೋ ಪಕ್ಕದಲ್ಲಿ ನಿಂತು ಇನ್‌ಹೇಲರ್ ಬರೆದ ಚೀಟಿ ಕೊಡುತ್ತಾರೆ. "ನಮ್ಮಮ್ಮ ಜನ್ಮದಲ್ಲಿ ಬೀಡಿ ಸಿಗರೇಟು ಮುಟ್ಟಿದವರಲ್ಲ, ಇದು ಹೇಗೆ ಬಂತು ಸಾರ್?" ಎಂದು ಕೇಳುತ್ತಾರೆ. ಆಗ ನಾನು ಅಮ್ಮನ ಕಡೆ ತಿರುಗಿ ಕೇಳುವುದು ಇಷ್ಟೇ: "ಸೌದೆ ಒಲೆ ಎಷ್ಟು ವರ್ಷ ಊದಿದ್ರಿ ಅಮ್ಮ?"

ಈ ಪ್ರಶ್ನೆಯನ್ನು ನನ್ನ ಸ್ವಂತ ಅಮ್ಮನಿಗೆ ಕೇಳುವಷ್ಟರಲ್ಲಿ ತಡವಾಗಿತ್ತು. ನಮ್ಮೂರು ಕುಣಿಗಲ್ ಕಡೆ. ಅಮ್ಮನ ಉಬ್ಬಸಕ್ಕೆ ವರ್ಷಗಟ್ಟಲೆ ಆಸ್ತಮಾ ಎಂದೇ ಮದ್ದು ಕೊಟ್ಟರು. ಆಸ್ಪತ್ರೆಯ ಫಾರಂನಲ್ಲಿ ಧೂಮಪಾನಕ್ಕೊಂದು ಕಾಲಂ ಇತ್ತು, ಅಡುಗೆಮನೆಗೆ ಇರಲಿಲ್ಲ. ಔಷಧ ಓದಿದ ಮಗನಾಗಿ ನನಗೂ ಹೊಳೆಯಲಿಲ್ಲ. ಆಮೇಲೆ ಹುಡುಕಿ ಓದಿದಾಗ ಈ ವಿಷಯ ಗೊತ್ತಾಗಿ ಅರ್ಧ ಶತಮಾನವೇ ಕಳೆದಿದೆ ಎಂದು ತಿಳಿಯಿತು.

ಮೊದಲು ಗುರುತಿಸಿದವರಲ್ಲಿ ಒಬ್ಬರು ಹೃದಯತಜ್ಞೆ ಡಾ. ಎಸ್. ಪದ್ಮಾವತಿ. 1917ರಲ್ಲಿ ಬರ್ಮಾದಲ್ಲಿ ಹುಟ್ಟಿ, ರಂಗೂನಿನಲ್ಲಿ ವೈದ್ಯಕೀಯ ಓದಿ, 1942ರ ಯುದ್ಧಕಾಲದಲ್ಲಿ ಜಪಾನೀಯರು ಬಂದಾಗ ಭಾರತಕ್ಕೆ ಬಂದವರು. 1950ರ ದಶಕದಲ್ಲಿ ದೆಹಲಿಯ ಲೇಡಿ ಹಾರ್ಡಿಂಜ್ ಕಾಲೇಜಿನಲ್ಲಿದ್ದಾಗ ಅವರ ಮುಂದೆ ಒಂದು ಒಗಟು ಬಂತು. 'ಕಾರ್ ಪಲ್ಮೊನೇಲ್' ಎಂಬ ಕಾಯಿಲೆಯಿದೆ. ಶ್ವಾಸಕೋಶ ಕೆಟ್ಟು, ಅದಕ್ಕೆ ರಕ್ತ ತಳ್ಳಿ ತಳ್ಳಿ ಹೃದಯದ ಬಲಭಾಗ ಸೋತುಹೋಗುತ್ತದೆ, ಕಾಲು ಊದಿಕೊಳ್ಳುತ್ತದೆ. ಪಶ್ಚಿಮದ ದೇಶಗಳಲ್ಲಿ ಅದು ಹೆಚ್ಚಾಗಿ ಗಂಡಸರ ಕಾಯಿಲೆ. ದೆಹಲಿಯಲ್ಲಿ ಮಾತ್ರ ಹೆಂಗಸರೂ ಗಂಡಸರಿಗೆ ಕಡಿಮೆಯಿಲ್ಲದಂತೆ ಬರುತ್ತಿದ್ದರು. ಅವರಲ್ಲಿ ಸೇದುವವರು ಕಡಿಮೆ. ಪದ್ಮಾವತಿಯವರು ಮತ್ತು ಅವರ ಸಹೋದ್ಯೋಗಿಗಳು 1959ರಿಂದ ಪ್ರಕಟಿಸಿದ ಅಧ್ಯಯನಗಳು ಬೆರಣಿ, ಸೌದೆಯ ಹೊಗೆಯ ಕಡೆ ಬೊಟ್ಟು ಮಾಡಿದವು. ಹೃದ್ರೋಗ ವಿಭಾಗದಿಂದ ಬಂದ ಮಾತಾದ್ದರಿಂದಲೋ ಏನೋ, ಅದು ಒಲೆಯ ತನಕ ತಲುಪಲಿಲ್ಲ.

ಒಲೆಯನ್ನು ಕೈಗೆತ್ತಿಕೊಂಡವರು ಬೇರೆಯವರು, ಅವರ ಕಾರಣವೂ ಬೇರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಕಟ್ಟಿದರು. ಅದರ ಹಳ್ಳಿಯ ಕೇಂದ್ರ ಇದ್ದದ್ದು ನಮ್ಮ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ. ಸುತ್ತಲಿನ ಹಳ್ಳಿಗಳಲ್ಲಿ ಶಕ್ತಿಯ ಬಳಕೆಯನ್ನು ಲೆಕ್ಕ ಹಾಕಿದಾಗ ಎಲ್ಲಕ್ಕಿಂತ ಮುಂದೆ ನಿಂತದ್ದು ಸೌದೆ. ಅದನ್ನು ಉಳಿಸುವ ದಾರಿ ಹುಡುಕುತ್ತಾ 1980ರ ದಶಕದ ಆರಂಭದಲ್ಲಿ ಹುಟ್ಟಿದ್ದು ಅಸ್ತ್ರ ಒಲೆ: ಮೂರು ಪಾತ್ರೆ ಕೂರುವ ಮಣ್ಣಿನ ಒಲೆ, ಮುಚ್ಚಿದ ಬೆಂಕಿಗೂಡು, ಬೂದಿ ಇಳಿಯಲು ಕಬ್ಬಿಣದ ಜಾಲರಿ, ಹೊಗೆ ಹೊರಹೋಗಲು ಚಿಮಣಿ. 1983ರಲ್ಲಿ ಕೇಂದ್ರ ಸರ್ಕಾರವೂ ಸುಧಾರಿತ ಒಲೆಗಳ ಕಾರ್ಯಕ್ರಮ ಶುರುಮಾಡಿತು. ಅದು 2002ರಲ್ಲಿ ಮುಗಿಯುವ ಹೊತ್ತಿಗೆ ದೇಶದಲ್ಲಿ 3 ಕೋಟಿಗೂ ಹೆಚ್ಚು ಒಲೆ ಹಾಕಿಸಿದ ಲೆಕ್ಕವಿತ್ತು. ಅವುಗಳಲ್ಲಿ ಎಷ್ಟೋ ಒಲೆಗಳು ಕೆಲವೇ ವರ್ಷಗಳಲ್ಲಿ ಬಿರುಕುಬಿಟ್ಟು ಮೂಲೆಗೆ ಸೇರಿದವು.

ನಮ್ಮ ಮನೆಯ ಕಥೆಯೂ ಅದೇ. ನಾನು ಚಿಕ್ಕವನಿದ್ದಾಗ ಅಂಥದ್ದೊಂದು ಒಲೆ ಹಾಕಿಸಿದ್ದರು. ಮೊದಲ ದಿನಗಳಲ್ಲಿ ಅಮ್ಮ ಕಣ್ಣೊರೆಸಿಕೊಳ್ಳದೆ ಅಡುಗೆ ಮಾಡಿದ್ದು ನೆನಪಿದೆ. ಆದರೆ ಅದಕ್ಕೆ ಸೌದೆಯನ್ನು ಸಣ್ಣಗೆ ಸೀಳಬೇಕು, ನಮ್ಮಲ್ಲಿ ಉರಿಸುತ್ತಿದ್ದದ್ದು ತೆಂಗಿನ ಮಟ್ಟೆ, ಸೋಗೆ. ರಾಗಿ ಮುದ್ದೆ ತೊಳಸುವಾಗ ಬೀಳುವ ಬಲಕ್ಕೆ ಪಾತ್ರೆ ಕೂರುವ ಬಾಯಿ ಸವೆಯಿತು. ಚಿಮಣಿಯ ಮಸಿ ತೆಗೆಯುವವರಿರಲಿಲ್ಲ. ಇನ್ನೂ ಒಂದು ಸಂಗತಿ ಅಜ್ಜಿ ಹೇಳಿದ್ದು: ಅಟ್ಟದ ಮೇಲೆ ಕೊಬ್ಬರಿಗೆಂದು ತಿಂಗಳುಗಟ್ಟಲೆ ಬಿಟ್ಟ ಕಾಯಿಗೆ, ಜಂತೆಯ ಮರಕ್ಕೆ ಹೊಗೆ ಬೇಕು, ಇಲ್ಲದಿದ್ದರೆ ಹುಳ ಬೀಳುತ್ತದೆ. ಹೊಗೆ ಅಜ್ಜಿಗೆ ಶತ್ರುವಾಗಿರಲಿಲ್ಲ, ಮನೆ ಕಾಯುವ ಆಳಾಗಿತ್ತು. ಮುಂದೆ ಒಲೆ ಕುಸಿದಾಗ ಪಕ್ಕದಲ್ಲೇ ಮೂರು ಕಲ್ಲಿಟ್ಟು ಅಡುಗೆ ನಡೆಯಿತು. ಒಲೆ ಹಾಕಿಕೊಟ್ಟವರನ್ನು ನಾನು ದೂರುವುದಿಲ್ಲ. ಆದರೆ ಅದನ್ನು ದಿನಾ ಉರಿಸುವವಳನ್ನು ಕುಳಿತು ಕೇಳಿದವರು ಕಡಿಮೆ ಅನ್ನಿಸುತ್ತದೆ.

ಇತ್ತ 1981ರಲ್ಲಿ ಅಮೆರಿಕದ ಕರ್ಕ್ ಸ್ಮಿತ್ ಭಾರತೀಯ ಸಂಗಾತಿಗಳೊಡನೆ ಗುಜರಾತಿನ ಹಳ್ಳಿಗಳಿಗೆ ಹೋಗಿ, ಅಡುಗೆ ಮಾಡುವ ಹೆಂಗಸರ ಮೈಮೇಲೇ ಗಾಳಿ ಹೀರುವ ಸಣ್ಣ ಪಂಪು ಕಟ್ಟಿದರು. ಊರಿನ ಗಾಳಿ ಎಷ್ಟು ಕೆಟ್ಟಿದೆ ಎಂಬುದಲ್ಲ, ಆ ಹೆಂಗಸು ಎಷ್ಟು ಉಸಿರಾಡಿದಳು ಎಂಬುದು ಅವರ ಪ್ರಶ್ನೆ. ಅಡುಗೆಯ ಹೊತ್ತಿನಲ್ಲಿ ಘನಮೀಟರ್ ಗಾಳಿಯಲ್ಲಿ ಸರಾಸರಿ ಸುಮಾರು 7 ಮಿಲಿಗ್ರಾಂ ಕಣ ಸಿಕ್ಕಿತು. ನಗರದ ರಸ್ತೆಬದಿಯ ಹೊಗೆಗೆ ಬೈಯುವ ನಮಗೆ ಈ ಅಂಕಿ ನಾಚಿಕೆ ತರಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲೂ ಮನೆಯೊಳಗಿನ ಹೊಗೆಯಿಂದ ಜಗತ್ತಿನಲ್ಲಿ ಸತ್ತವರು 32 ಲಕ್ಷ. ಪದ್ಮಾವತಿ, ಸ್ಮಿತ್ ಇಬ್ಬರೂ ತೀರಿಕೊಂಡದ್ದು ಅದೇ ವರ್ಷ.

ಈಗ ಹಳ್ಳಿಗೂ ಗ್ಯಾಸ್ ಬಂದಿದೆ. 2016ರ ಉಜ್ವಲಾ ಯೋಜನೆಯಲ್ಲಿ ಸಂಪರ್ಕ ಹೆಂಗಸರ ಹೆಸರಿಗೇ ಸಿಕ್ಕಿತು. ಭಾರತ ಉರಿಸುವ ಅಡುಗೆ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಆಮದು, ಅದರಲ್ಲೂ ಬಹುಪಾಲು ನಾವು ದುಡಿಯುವ ಈ ಕೊಲ್ಲಿ ದೇಶಗಳದೇ. ಮಂಗಳೂರಿನ ಬಂದರಿನಲ್ಲಿ ಇಳಿದು ಹಾಸನ, ಮೈಸೂರು ಕಡೆಗೆ ಕೊಳವೆಯಲ್ಲಿ ಹೋಗುತ್ತದೆ. ನಾವು ಕಳಿಸುವ ದುಡ್ಡು ಒಂದು ದಾರಿಯಲ್ಲಿ, ಗ್ಯಾಸ್ ಇನ್ನೊಂದು ದಾರಿಯಲ್ಲಿ, ಎರಡೂ ಅಮ್ಮನ ಅಡುಗೆಮನೆಗೇ ಸೇರುತ್ತವೆ.

ಅಮ್ಮನನ್ನು ಇಲ್ಲಿನ ಡಾಕ್ಟರ ಹತ್ತಿರ ಕರೆದೊಯ್ಯುವವರು ಒಂದು ಮಾತು ನೆನಪಿಡಿ. ಸಿಗರೇಟಿನ ಪ್ರಶ್ನೆಗೆ 'ಇಲ್ಲ' ಎಂದು ಸುಮ್ಮನಾಗಬೇಡಿ. ಒಲೆಯ ಮುಂದೆ ಎಷ್ಟು ವರ್ಷ, ದಿನಕ್ಕೆ ಎಷ್ಟು ಹೊತ್ತು ಎಂದು ಹೇಳಿ, ಉಸಿರು ಊದಿಸುವ ಸ್ಪೈರೋಮೆಟ್ರಿ ಪರೀಕ್ಷೆ ಬೇಕೇ ಎಂದು ಕೇಳಿ. ಆಸ್ತಮಾಕ್ಕೂ ಸಿಒಪಿಡಿಗೂ ಚಿಕಿತ್ಸೆಯ ಕ್ರಮ ಒಂದೇ ಅಲ್ಲ.

ಹೋದ ರಜೆಯಲ್ಲಿ ಊರಿಗೆ ಹೋದಾಗ ಅಡುಗೆಮನೆಯಲ್ಲಿ ಗ್ಯಾಸ್ ಒಲೆ ಲಕಲಕ ಹೊಳೆಯುತ್ತಿತ್ತು. ಹಿಂದಿನ ಬಚ್ಚಲಿನಲ್ಲಿ ಅಮ್ಮ ಹಂಡೆಯ ಕೆಳಗೆ ಮಟ್ಟೆ ತುರುಕಿ ಊದುಗೊಳವೆ ಹಿಡಿದು ಕೂತಿದ್ದಳು. "ಸ್ನಾನದ ನೀರಿಗೆಲ್ಲಾ ಗ್ಯಾಸ್ ಸುಡ್ತಾರೇನೋ?" ಎಂದಳು. ಸೋಲಾರ್ ಹೀಟರ್ ಹಾಕಿಸಲು ತಮ್ಮನಿಗೆ ದುಡ್ಡು ಕೊಟ್ಟು ಬಂದೆ. ಇನ್ನೂ ಹಾಕಿಸಿಲ್ಲ, ಪ್ರತಿ ಶುಕ್ರವಾರ ಫೋನಿನಲ್ಲಿ ಅದೇ ಜಗಳ.