ನೀರು ಕಾಯ್ದ ಊರು

ಜರ್ಮನಿಯ ರಾಜಧಾನಿ ಬರ್ಲಿನ್ ನಗರದ ಲಾಂಛನದಲ್ಲಿ ಒಂದು ಕರಡಿ ಇರುವುದನ್ನು ನೀವು ಚಿತ್ರಗಳಲ್ಲಿ ನೋಡಿರಬಹುದು. ಜರ್ಮನ್ ಭಾಷೆಯಲ್ಲಿ ಕರಡಿಗೆ 'ಬೇರ್' ಎನ್ನುತ್ತಾರೆ. ಅದರಿಂದಲೇ ಊರಿಗೆ ಈ ಹೆಸರು ಬಂದಿತೆಂದು ಜನ ನಂಬುತ್ತಾರೆ. ಆದರೆ ಭಾಷಾವಿಜ್ಞಾನಿಗಳು ಒಪ್ಪುವ ವಿವರಣೆ ಬೇರೆ. ಬರ್ಲಿನ್ ಎಂಬ ಹೆಸರಿನ ಮೂಲ ಸ್ಲಾವ್ ಭಾಷೆಯದು. ಅದರ ಅರ್ಥ 'ಜೌಗು ನೆಲ'.

ಜರ್ಮನರ ರಾಜಧಾನಿಗೆ ಸ್ಲಾವ್ ಹೆಸರೇಕೆ? ಉತ್ತರ ಬೇಕಾದರೆ ಅಲ್ಲಿಂದ ಆಗ್ನೇಯಕ್ಕೆ, ಸ್ಪ್ರೇ ನದಿಯ ಮೇಲ್ಭಾಗಕ್ಕೆ ಹೋಗಬೇಕು. ಅಲ್ಲಿ ಸ್ಪ್ರೇವಾಲ್ಡ್ ಎಂಬ ವಿಶಾಲವಾದ ಜೌಗು ಪ್ರದೇಶವಿದೆ. ಅದರ ನಡುವೆ, ಲುಬ್ಬೆನೌ ಪಟ್ಟಣದ ಪಕ್ಕದಲ್ಲಿ, ಸುಮಾರು 150 ಜನರಿರುವ ಲೇಡೆ ಎಂಬ ಹಳ್ಳಿಯಿದೆ.

ಮೊದಲು ನೆಲದ ರಚನೆಯನ್ನು ತಿಳಿಯೋಣ. ಹಿಮಯುಗದ ಕೊನೆಯಲ್ಲಿ ಕರಗಿದ ನೀರು ಇಲ್ಲಿ ಸಮತಟ್ಟಾದ ಮರಳಿನ ಕಣಿವೆಯನ್ನು ನಿರ್ಮಿಸಿತು. ಇಳಿಜಾರು ತೀರ ಕಡಿಮೆಯಾದ್ದರಿಂದ ನದಿ ವೇಗವಾಗಿ ಹರಿಯಲಾರದೆ ನೂರಾರು ಕವಲುಗಳಾಗಿ ಒಡೆಯಿತು. ಕೊಳೆತ ಸಸ್ಯಗಳು ನೀರಿನಡಿ ಪದರ ಪದರವಾಗಿ ಶೇಖರವಾಗಿ ಪೀಟ್ ಮಣ್ಣಾಯಿತು. ಅಲ್ಲಲ್ಲಿ ಮಾತ್ರ ಮರಳಿನ ದಿಬ್ಬಗಳು ನೀರಿನ ಮೇಲೆ ತಲೆಯೆತ್ತಿ ನಿಂತವು. ಮನೆ ಕಟ್ಟಲು ಉಳಿದ ಜಾಗ ಆ ದಿಬ್ಬಗಳಷ್ಟೆ.

ಜರ್ಮನಿಕ್ ಬುಡಕಟ್ಟುಗಳು ಬಿಟ್ಟುಹೋಗಿದ್ದ ಈ ನಾಡಿಗೆ 6ನೇ ಶತಮಾನದ ನಂತರ ಪೂರ್ವದಿಂದ ಸ್ಲಾವ್ ಜನ ಬಂದರು. ಇವರ ವಂಶಜರೇ ಸೋರ್ಬರು. ಜರ್ಮನರು ಇವರನ್ನು ವೆಂಡರು ಎಂದೂ ಕರೆದರು. 10ನೇ ಶತಮಾನದಲ್ಲಿ ಗೇರೋ ಎಂಬ ಜರ್ಮನ್ ಗಡಿನಾಡ ಅಧಿಪತಿ ಇವರನ್ನು ಸೋಲಿಸಿದ. ಮುಂದೆ ಪಶ್ಚಿಮದಿಂದ ಜರ್ಮನ್ ರೈತರು ಬಂದು ನೆಲೆಸಿದರು. ಒಳ್ಳೆಯ ಒಣ ನೆಲವಿದ್ದ ಕಡೆ ಸ್ಲಾವ್ ಭಾಷೆ ಕ್ರಮೇಣ ಕರಗಿ, ಬರ್ಲಿನ್‌ನಂಥ ಹೆಸರುಗಳು ಮಾತ್ರ ಉಳಿದವು. ನೇಗಿಲಿಗೂ ಬಂಡಿಗೂ ದಾರಿಯಿಲ್ಲದ ಜೌಗಿನಲ್ಲಿ ಜನರೂ ಉಳಿದರು, ಭಾಷೆಯೂ ಉಳಿಯಿತು. ಕೋಟೆ ಮಾಡಲಾಗದ ಕೆಲಸವನ್ನು ನೀರು ಮಾಡಿತು.

ಲೇಡೆಯ ಹೆಸರು ದಾಖಲೆಯಲ್ಲಿ ಮೊದಲು ಕಾಣುವುದು 1315ರಲ್ಲಿ. ಸೋರ್ಬಿಯನ್ ಭಾಷೆಯಲ್ಲಿ ಅದು 'ಲ್ಯೆಡಿ', ಎಂದರೆ ಉಳದೆ ಬಿಟ್ಟ ನೆಲ. ಇಡೀ ಸ್ಪ್ರೇವಾಲ್ಡ್‌ಗೆ ಅವರ ಹೆಸರು 'ಬ್ವೋತಾ', ಜೌಗು ಎಂದೇ ಅರ್ಥ. ಮನೆಯಿರುವ ದಿಬ್ಬಕ್ಕೆ ಇಂದಿಗೂ ಜರ್ಮನರು ಬಳಸುವ 'ಕೌಪೆ' ಎಂಬ ಪದವೂ ಸೋರ್ಬರದೇ.

ಇಲ್ಲಿನ ಬದುಕನ್ನು ಊಹಿಸಿಕೊಳ್ಳಿ. ಮರದ ದಿಮ್ಮಿಯ ಗೋಡೆ, ಜೊಂಡಿನ ಸೂರು. ಹಸು, ಹುಲ್ಲು, ಮದುವೆ ದಿಬ್ಬಣ, ಶವಪೆಟ್ಟಿಗೆ, ಎಲ್ಲವೂ ಚಪ್ಪಟೆ ತಳದ ದೋಣಿಯಲ್ಲೇ ಸಾಗಬೇಕು. ನೆಲದ ತೇವ ತಾಗದಂತೆ ಹುಲ್ಲನ್ನು ಕಂಬದ ಸುತ್ತ ಒಟ್ಟುತ್ತಿದ್ದರು. ಇಲ್ಲಿ ಬೆಳೆದ ಸೌತೆಕಾಯಿಯ ಉಪ್ಪಿನಕಾಯಿ ಹೆಸರುವಾಸಿ. ಸೌತೆಗೆ ಜರ್ಮನರು ಹೇಳುವ 'ಗುರ್ಕೆ' ಎಂಬ ಪದ ಕೂಡ ಸ್ಲಾವ್ ಭಾಷೆಗಳಿಂದ ಎರವಲು ಪಡೆದದ್ದು. ಲೇಡೆಗೆ ರಸ್ತೆ ಬಂದದ್ದು 1929ರಲ್ಲಿ. 1897ರಲ್ಲಿ ಆರಂಭವಾದ ದೋಣಿ ಅಂಚೆ ಈಗಲೂ ಬೆಚ್ಚನೆಯ ತಿಂಗಳುಗಳಲ್ಲಿ ನಡೆಯುತ್ತದೆ.

ಹಾಗಾದರೆ ಲೇಡೆಯಲ್ಲಿ ಸೋರ್ಬಿಯನ್ ಮಾತು ಇಂದೂ ಕೇಳುತ್ತದೆಯೇ? ಊರಿನ ದಿನಬಳಕೆಯ ಭಾಷೆ ಈಗ ಜರ್ಮನ್. 1815ರಲ್ಲಿ ಈ ಪ್ರದೇಶ ಪ್ರಷ್ಯಾದ ವಶವಾಯಿತು. ಶಾಲೆಯೂ ಚರ್ಚೂ ಜರ್ಮನ್‌ಗೆ ತಿರುಗಿದವು. 1866ರಲ್ಲಿ ರೈಲು ಬಂದಿತು, ಅದರ ಹಿಂದೆಯೇ ಪ್ರವಾಸಿಗರು ಬಂದರು. 1937ರಲ್ಲಿ ನಾಜಿ ಸರ್ಕಾರ ಸೋರ್ಬರ ಸಂಘ 'ದೊಮೊವಿನಾ'ದ ಚಟುವಟಿಕೆಗಳನ್ನೇ ನಿಷೇಧಿಸಿತು. ನೀರು ಹೊರಗಿನ ಸೈನ್ಯವನ್ನು ತಡೆದೀತು. ಆದರೆ ಮನೆಮಾತನ್ನಾಡಲು ಮಗು ನಾಚುವಂತೆ ಮಾಡುವ ಶಾಲೆಯನ್ನು ಹೇಗೆ ತಡೆದೀತು? ಯುದ್ಧದ ನಂತರ, 1952ರಲ್ಲಿ ಕೋಟ್‌ಬುಸ್ ನಗರದಲ್ಲಿ ಸೋರ್ಬಿಯನ್ ಪ್ರೌಢಶಾಲೆ ತೆರೆಯಿತು. 1998ರಲ್ಲಿ 'ವಿತಾಯ್', ಎಂದರೆ 'ಸ್ವಾಗತ', ಎಂಬ ಯೋಜನೆ ಅಲ್ಲಿ ಶಿಶುವಿಹಾರದಿಂದಲೇ ಭಾಷೆ ಕಲಿಸಲು ತೊಡಗಿತು. ಅಜ್ಜಿಯ ಮಾತನ್ನು ಮೊಮ್ಮಕ್ಕಳು ಪಾಠವಾಗಿ ಕಲಿಯುವ ಸ್ಥಿತಿ ಇದು.

ಈಗ ನೀರಿಗೂ ಕುತ್ತು ಬಂದಿದೆ. ಸ್ಪ್ರೇ ನದಿಯ ಮೇಲ್ಭಾಗದಲ್ಲಿ ಕಂದು ಕಲ್ಲಿದ್ದಲಿನ ತೆರೆದ ಗಣಿಗಳಿವೆ. ಅವುಗಳಿಗಾಗಿ ಸೋರ್ಬರ ಹಲವು ಹಳ್ಳಿಗಳು ನೆಲಸಮವಾದವು. ಗಣಿ ಒಣಗಿರಬೇಕಾದರೆ ಅಂತರ್ಜಲವನ್ನು ಮೇಲೆತ್ತಲೇಬೇಕು. ಹಾಗೆ ಎತ್ತಿದ ನೀರು ದಶಕಗಳಿಂದ ನದಿ ಸೇರುತ್ತಾ ಅದರ ಹರಿವನ್ನು ಹೆಚ್ಚಿಸಿದೆ. 2020ರ ಕಾನೂನಿನಂತೆ ಜರ್ಮನಿ 2038ರೊಳಗೆ ಕಲ್ಲಿದ್ದಲಿನಿಂದ ವಿದ್ಯುತ್ ತಯಾರಿಸುವುದನ್ನು ನಿಲ್ಲಿಸಬೇಕು. ವಾತಾವರಣದ ದೃಷ್ಟಿಯಿಂದ ಅದು ಅಗತ್ಯವೇ. ಆದರೆ ಪಂಪುಗಳು ನಿಂತಾಗ ಒಣ ಬೇಸಿಗೆಯ ತಿಂಗಳುಗಳಲ್ಲಿ ಸ್ಪ್ರೇ ನದಿಯ ನೀರು ಕೆಲವೆಡೆ ಮುಕ್ಕಾಲು ಪಾಲಿನವರೆಗೆ ಇಳಿಯಬಹುದೆಂದು ಆ ದೇಶದ ಪರಿಸರ ಸಂಸ್ಥೆ 2023ರಲ್ಲಿ ಎಚ್ಚರಿಸಿದೆ. ನೀರಿಳಿದರೆ ಪೀಟ್ ಮಣ್ಣಿಗೆ ಗಾಳಿ ತಾಗಿ ಅದು ಕೊಳೆಯುತ್ತದೆ, ನೆಲ ಕುಸಿಯುತ್ತದೆ, ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ.

ಇತಿಹಾಸವೆಂದರೆ ರಾಜರ ಯುದ್ಧಗಳಷ್ಟೇ ಎಂದು ತಿಳಿಯದಿರಿ. ನೆಲದ ಇಳಿಜಾರು, ಮಣ್ಣಿನ ಗುಣ, ಶಾಲೆಯ ಭಾಷೆ, ಗಣಿಯ ಪಂಪು, ಇವೂ ಇತಿಹಾಸವನ್ನು ಬರೆಯುತ್ತವೆ. ಲೇಡೆ ತನ್ನ ಮಾತನ್ನು ಬಹುಮಟ್ಟಿಗೆ ಕಳೆದುಕೊಂಡಿದೆ. ನೀರನ್ನಾದರೂ ಉಳಿಸಿಕೊಳ್ಳುವುದೇ ಎಂಬುದು ನಿಮ್ಮ ಜೀವಿತಕಾಲದಲ್ಲೇ ತೀರ್ಮಾನವಾಗಲಿದೆ.